ಕೇಸಿಂಗ್ ಬುಡದ ಸಂದಿ ಮುಚ್ಚಿ: ಬೋರ್‌ವೆಲ್ ಕೊರೆಯುವವರಿಗೆ ಒಂದು ಬಹಿರಂಗ ಪತ್ರ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬೋರ್‌ವೆಲ್ ಕೊರೆಯುವ ರಿಗ್ ಮಾಲೀಕರಿಗೆ, ಡ್ರಿಲ್ಲರುಗಳಿಗೆ, ರಿಗ್ ಕರೆತರುವ ಏಜೆಂಟರಿಗೆ,

ನಿಮ್ಮನ್ನು ಒಂದೇ ಒಂದು ಕೆಲಸಕ್ಕೆ ಒಪ್ಪಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕೇಸಿಂಗ್ ಪೈಪು ಗಟ್ಟಿಬಂಡೆಯ ಮೇಲೆ ಕೂರುವ ಜಾಗದಲ್ಲಿ, ಪೈಪಿಗೂ ಕೊರೆದ ಗೋಡೆಗೂ ನಡುವೆ ಒಂದು ಸಂದಿ ಉಳಿಯುತ್ತದಲ್ಲ, ಅದನ್ನು ಮುಚ್ಚಿ. ನಮ್ಮ ಕಡೆ ನಾನು ನಿಂತು ನೋಡಿದ ಯಾವ ಬೋರಿನಲ್ಲೂ ಅದನ್ನು ಮುಚ್ಚಲಿಲ್ಲ. ಜನ ಕುಡಿಯುವ ನೀರಿನ ಬೋರಿನಲ್ಲೂ ಮುಚ್ಚಲಿಲ್ಲ. ಕೊರೆದಾಗ ಎದ್ದ ಹುಡಿಯನ್ನೇ ಸಲಿಕೆಯಲ್ಲಿ ಎಳೆದು ಪೈಪಿನ ಸುತ್ತ ತುಂಬಿ, ಕಾಲಿನಿಂದ ತುಳಿದು, ಕೇಸಿಂಗ್ ಆಯಿತು ಅನ್ನುತ್ತಾರೆ. ಹುಡಿ ನೀರನ್ನು ತಡೆಯುವುದಿಲ್ಲ. ಮೇಲಿನ ನೀರು ಅದರೊಳಗೆ ಆರಾಮವಾಗಿ ಇಳಿದು ಪೈಪಿನ ಬುಡದಿಂದ ಬೋರಿನೊಳಕ್ಕೆ ಬರುತ್ತದೆ.

ನಾನು ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿನವನು. ದುಡಿದದ್ದು ಹೆಚ್ಚಾಗಿ ಒಮಾನಿನ ಮರಳುಗಾಡಿನಲ್ಲಿ, ಎಣ್ಣೆಬಾವಿಗಳ ಮೇಲೆ. ಅಲ್ಲಿ ನೀವು ಮಾಡುವ ಕೆಲಸವನ್ನೇ ನಾವೂ ಮಾಡುತ್ತಿದ್ದೆವು. ನೆಲ ಕೊರೆಯುವುದು, ಪೈಪು ಇಳಿಸುವುದು, ಏನು ಬರುತ್ತದೆ ಎಂದು ಕಾಯುವುದು. ನಮಗೆ ಬೇಕಾಗಿದ್ದದ್ದು ಎಣ್ಣೆ, ಬೇಡದೆ ಬರುತ್ತಿದ್ದದ್ದು ನೀರು. ಮಳವಳ್ಳಿ ಕಡೆಯಿಂದ ಹೋದ ಯಾರಿಗೇ ಆದರೂ ಮೊದಮೊದಲು ಇದು ಅರಗುವುದಿಲ್ಲ. ನೀರಿಗಾಗಿ ಸಾಲ ಮಾಡಿ ಕೊರೆಸುವ ಊರಿನಿಂದ ಬಂದು, ಬಾವಿಯಲ್ಲಿ ನೀರು ಬಂತೆಂದು ತಲೆ ಮೇಲೆ ಕೈಹೊತ್ತು ಕೂರುವ ಜನರ ನಡುವೆ ಕೆಲಸ ಮಾಡಬೇಕು. ಜಗತ್ತಿನಲ್ಲಿ ಒಂದು ಬ್ಯಾರೆಲ್ ಎಣ್ಣೆ ಎತ್ತಿದರೆ ಅದರ ಜೊತೆ ಸರಾಸರಿ 3 ಬ್ಯಾರೆಲ್‌ಗೂ ಹೆಚ್ಚು ನೀರು ಬರುತ್ತದೆಂದು ಆ ಉದ್ಯಮದವರ ಅಂದಾಜು. ಹಳೆಯ ಬಾವಿಗಳಲ್ಲಿ ಬರುವುದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುವುದುಂಟು. ಅದೂ ಎಂಥ ನೀರು? ಉಪ್ಪು, ಎಣ್ಣೆಯ ಜಿಡ್ಡು ಬೆರೆತ, ಕುಡಿಯಲಾಗದ, ಬೆಳೆಗೆ ಬಿಡಲಾಗದ ನೀರು. ಅದನ್ನು ಎತ್ತಲು ವಿದ್ಯುತ್ ಬೇಕು, ಬೇರ್ಪಡಿಸಲು ಯಂತ್ರ ಬೇಕು, ವಿಲೇವಾರಿಗೆ ಜಾಗ ಬೇಕು. ಒಮಾನಿನ ನಿಮ್ರ್ ಎಂಬಲ್ಲಿ ಆ ನೀರನ್ನು ತಿಳಿಗೊಳಿಸಲೆಂದೇ ಮರುಭೂಮಿಯ ನಡುವೆ ಕಣ್ಣು ಹಾಯುವಷ್ಟು ದೂರ ಜೊಂಡು ಬೆಳೆಸಿದ್ದಾರೆ.

ಹಾಗಾಗಿ ಬೇಡದ ನೀರನ್ನು ಬಾವಿಯ ಒಳಗೇ, ಅದು ಬರುವ ಬಿರುಕಿನ ಹತ್ತಿರವೇ ತಡೆಯುವುದು ಅಲ್ಲಿ ದೊಡ್ಡ ವಿದ್ಯೆ. ಮೊದಲೆಲ್ಲ ಪೈಪಿನ ಹೊರಗೆ ಸಿಮೆಂಟು ಹಾಲು ತುಂಬಿ ಮುಚ್ಚುತ್ತಿದ್ದರು, ಈಗಲೂ ತುಂಬುತ್ತಾರೆ. ಆದರೆ ಅಡ್ಡಡ್ಡಲಾಗಿ ಕೊರೆದ ಬಾವಿಯಲ್ಲಿ ಸಿಮೆಂಟು ಪೈಪಿನ ಸುತ್ತ ಸಮನಾಗಿ ಕೂರುವುದಿಲ್ಲ, ಮೇಲುಗಡೆ ಖಾಲಿ ಉಳಿಯುತ್ತದೆ. ಇಂಥ ಕಡೆಗಳಿಗೆ 2000ದ ದಶಕದಲ್ಲಿ ಉಬ್ಬುವ ರಬ್ಬರಿನ ಪ್ಯಾಕರುಗಳು ಬಳಕೆಗೆ ಬಂದವು. ನೋಡಲು ಏನೂ ಇಲ್ಲ, ಕಬ್ಬಿಣದ ಪೈಪಿನ ಮೇಲೆ ಕೆಲವು ಅಡಿ ಉದ್ದಕ್ಕೆ ದಪ್ಪನೆಯ ಕಪ್ಪು ರಬ್ಬರಿನ ತೊಡುಗೆ, ಅಷ್ಟೆ. ಒಳಗೆ ಸ್ಪ್ರಿಂಗಿಲ್ಲ, ಬೀಗವಿಲ್ಲ, ತಿರುಗುವ ಭಾಗವಿಲ್ಲ. ಬಾವಿಗೆ ಇಳಿಸುವಾಗ ಗೋಡೆಗೆ ತಾಗದಷ್ಟು ಸಣ್ಣದಿರುತ್ತದೆ. ಒಳಗೆ ಹೋಗಿ ಕೂತ ಮೇಲೆ, ನೆನೆಹಾಕಿದ ಕಡಲೆಕಾಳಿನ ಹಾಗೆ, ಸುತ್ತಲಿನ ದ್ರವವನ್ನು ಹೀರಿ ಉಬ್ಬುತ್ತಾ ಹೋಗುತ್ತದೆ. ಕೆಲವು ದಿನ, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಬಂಡೆಯ ಗೋಡೆ ಎಷ್ಟೇ ಉಬ್ಬುತಗ್ಗಿದ್ದರೂ ಅದಕ್ಕೆ ತಕ್ಕಂತೆ ಒತ್ತಿಕೊಂಡು ಕೂರುತ್ತದೆ. ನೀರು ಬರುವ ಬಿರುಕಿನ ಆಚೆ ಒಂದು, ಈಚೆ ಒಂದು ಪ್ಯಾಕರ್ ಇಟ್ಟು, ನಡುವೆ ತೂತಿಲ್ಲದ ಪೈಪು ಬಿಟ್ಟರೆ ಆ ಬಿರುಕಿನ ನೀರಿಗೆ ಬಾವಿಯೊಳಗೆ ದಾರಿಯಿಲ್ಲ.

ಈ ರಬ್ಬರಿನಲ್ಲಿ ಎರಡು ಜಾತಿ. ಒಂದು ಎಣ್ಣೆ ಕುಡಿದು ಉಬ್ಬುವಂಥದ್ದು. ಇಪಿಡಿಎಂ ಎನ್ನುವ ರಬ್ಬರ್ ಹೀಗೆ ವರ್ತಿಸುತ್ತದೆ. ಎಣ್ಣೆಯ ಕಣಗಳು ರಬ್ಬರಿನ ಎಳೆಗಳ ನಡುವೆ ಸೇರಿಕೊಳ್ಳುತ್ತವೆ, ಎಳೆಗಳು ಒಂದಕ್ಕೊಂದು ಗಂಟು ಬಿದ್ದಿರುವುದರಿಂದ ರಬ್ಬರ್ ಕರಗಿಹೋಗದೆ ಹಿಗ್ಗುತ್ತದೆ. ಇನ್ನೊಂದು ನೀರು ಕುಡಿದು ಉಬ್ಬುವಂಥದ್ದು. ಇದರಲ್ಲಿ ರಬ್ಬರಿನ ಜೊತೆ, ಮಕ್ಕಳ ಡೈಪರ್‌ನಲ್ಲಿ ಇರುವಂಥ, ನೀರು ಹೀರುವ ಪುಡಿಯನ್ನು ಬೆರೆಸಿರುತ್ತಾರೆ. ನೀರು ಎಷ್ಟು ಸಿಹಿಯೋ ಉಬ್ಬು ಅಷ್ಟು ಜೋರು, ಉಪ್ಪು ಹೆಚ್ಚಿದಷ್ಟೂ ಉಬ್ಬುವುದು ಕಡಿಮೆ, ನಿಧಾನ. ಎಣ್ಣೆಬಾವಿಯ ಉಪ್ಪುನೀರಿನಲ್ಲಿ ಇದೊಂದು ತೊಡಕಾಗಿತ್ತು. ಇದನ್ನು ಕೇಳಿದ ದಿನವೇ ನನ್ನ ಮನಸ್ಸು ನಮ್ಮ ಬೆಳಕವಾಡಿ, ಹಲಗೂರು ಕಡೆಯ ಬೋರ್‌ವೆಲ್‌ಗಳ ಮೇಲೆ ಹೋಯಿತು. ಅಲ್ಲಿರುವುದು ಸಿಹಿನೀರು. ಮತ್ತೆ ಅಲ್ಲಿಯೂ ತಡೆಯಬೇಕಾದ ಬೇಡದ ನೀರು ಇದೆ.

ಯಾವುದು ಆ ಬೇಡದ ನೀರು ಅಂತ ನೀವು ಕೇಳಬಹುದು. ನೆಲದಲ್ಲಿ ಎಲ್ಲಿ ಸಿಕ್ಕರೂ ನೀರು ನೀರೇ ಅಲ್ಲವೆ ಎಂದು ಮದ್ದೂರಿನ ಒಬ್ಬ ಡ್ರಿಲ್ಲರ್ ನನ್ನನ್ನು ನೇರವಾಗಿಯೇ ಕೇಳಿದ. ಅವನು ಕೇಳಿದ್ದು ನ್ಯಾಯವಾಗಿಯೇ ಇದೆ. ಇಲ್ಲಿ ನೀವೇ ದಿನಾ ಕಾಣುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ನೆಲದಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಮೆದುಕಲ್ಲು, ಅದರ ಕೆಳಗೆ ಗಟ್ಟಿಬಂಡೆ. ಮಣ್ಣು ಮೆದುಕಲ್ಲುಗಳ ಪದರವನ್ನು ದೊಡ್ಡ ಬಿಟ್ಟಿನಿಂದ ಅಗಲವಾಗಿ ಕೊರೆದು 7 ಇಂಚಿನ ಕೇಸಿಂಗ್ ಇಳಿಸುತ್ತೀರಿ. ಬಂಡೆ ಸಿಕ್ಕ ಮೇಲೆ 6.5 ಇಂಚಿನ ಬಿಟ್ಟು ಹಾಕಿ ಕೆಳಗಿಳಿಯುತ್ತೀರಿ. ಕೆಳಗೆ ನೀರು ಸಿಗುವುದು ನೀವು ಗ್ಯಾಪ್ ಅನ್ನುವ ಬಿರುಕುಗಳಲ್ಲಿ. ಮೇಲಿನ ಮೆದುಕಲ್ಲಿನ ಪದರದಲ್ಲಿಯೂ ನೀರಿರುತ್ತದೆ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗಂತೂ ಅದು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಆ ನೀರು ಎಲ್ಲಿಂದ ಬಂತು? ಕಬ್ಬಿನ ಗದ್ದೆಗೆ ಹಾಕಿದ ಯೂರಿಯಾ ತೊಳೆದುಕೊಂಡು ಬಂತು, ತಿಪ್ಪೆಯಿಂದ ಬಂತು, ಕೊಟ್ಟಿಗೆಯ ಗಂಜಲದಿಂದ ಬಂತು, ಊರೊಳಗಾದರೆ ಮನೆಮನೆಯ ಶೌಚಾಲಯದ ಗುಂಡಿಯಿಂದ ಬಂತು. ಇವೆಲ್ಲ ಸೇರಿದಾಗ ನೀರಿನಲ್ಲಿ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕದ ಮಿತಿ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಮಿತಿ ಮೀರಿದ ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಯ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ತಗ್ಗುತ್ತದೆ, ಮೈ ನೀಲಿಗಟ್ಟುತ್ತದೆ. ಗುಂಡಿಯ ನೀರಾದರೆ ವಾಂತಿಭೇದಿ ಬೇರೆ.

ಬಂಡೆಯ ಆಳದ ಬಿರುಕುಗಳಿಗೆ ಹೋಗುವಷ್ಟರಲ್ಲಿ ಮೇಲಿನ ನೀರು ಮಣ್ಣಿನಲ್ಲಿ, ಮೆದುಕಲ್ಲಿನಲ್ಲಿ ನಿಧಾನವಾಗಿ ಇಳಿದು ಅಷ್ಟಿಷ್ಟು ಸೋಸಿಕೊಳ್ಳಬೇಕು. ನೀವು ಬಿಟ್ಟ ಸಂದಿ ಅದಕ್ಕೆ ನೇರವಾದ ಒಳದಾರಿ ಮಾಡಿಕೊಡುತ್ತದೆ. ಪೈಪಿನ ಹೊರಮೈಗೆ ಅಂಟಿಕೊಂಡೇ ಇಳಿದು ಬುಡದಲ್ಲಿ ಒಳನುಗ್ಗುತ್ತದೆ. ಅನುಮಾನವಿದ್ದರೆ ಒಂದು ಕನ್ನಡಿ ತನ್ನಿ. ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ಪಂಪು ಇಳಿಸುವ ಮೊದಲು, ಬಿಸಿಲನ್ನು ಕನ್ನಡಿಯಿಂದ ಬೋರಿನೊಳಕ್ಕೆ ಹಾಯಿಸಿ. ಪೈಪು ಮುಗಿದು ಬಂಡೆ ಶುರುವಾಗುವ ಕಡೆ ಒಂದು ಪಕ್ಕದಲ್ಲಿ ನೀರು ಮಿರಮಿರ ಹೊಳೆಯುತ್ತಾ ಇಳಿಯುವುದು ಕಾಣುತ್ತದೆ. ಅದು ಇಳಿದ ಕಡೆಯೆಲ್ಲ ಬಂಡೆಯ ಮೈ ಕೆಂಪಗೆ ಕೆಮ್ಮಣ್ಣು ಬಳಿದಂತೆ ಇರುತ್ತದೆ. ಕಿವಿಗೊಟ್ಟರೆ ಕೆಳಗೆ ಬೀಳುವ ಸದ್ದೂ ಕೇಳುತ್ತದೆ. ಇನ್ನೊಂದು ಗುರುತು ಹೆಂಗಸರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮಾರನೆಯ ದಿನ ಕೊಡದ ನೀರು ಕೆಂಪಾದರೆ, ಆ ಬೋರಿನ ಕೇಸಿಂಗ್ ಬುಡ ಬಿಟ್ಟುಕೊಂಡಿದೆ ಎಂದೇ ಲೆಕ್ಕ. ನೂರಾರು ಅಡಿ ಆಳದ ಬಿರುಕಿನ ನೀರು ಒಂದು ರಾತ್ರಿಯ ಮಳೆಗೆ ಬಣ್ಣ ಬದಲಿಸುವುದಿಲ್ಲ.

ಬಂಡೆ ಗಟ್ಟಿಯಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನಮ್ಮ ರಾಜ್ಯದ ಬಂಡೆಯ ಸೋರುಗುಣ ದೊಡ್ಡ ದೊಡ್ಡ ಇಂಜಿನಿಯರುಗಳನ್ನು ಸತಾಯಿಸಿದೆ. ನಮ್ಮ ಬ್ಲಫ್‌ನಿಂದ 1902ರಲ್ಲಿ ವಿದ್ಯುತ್ ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಗಣಿಯಲ್ಲಿ ನೀರನ್ನು ಹೊರಹಾಕುವುದು ಎಂದೂ ಮುಗಿಯದ ಕೆಲಸ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುವಷ್ಟು ದೊಡ್ಡ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ತುರ್ತುಕಾಲಕ್ಕೆ ದೇಶ ಕೂಡಿಟ್ಟುಕೊಂಡಿರುವ ಎಣ್ಣೆ ಅದು. ಅಲ್ಲಿ ಬಿರುಕಿನಲ್ಲಿ ಎಣ್ಣೆ ಸೋರಿಹೋಗದಂತೆ ತಡೆಯುವುದು ನೀರು! ಗುಹೆಯ ಮೇಲಿನ ಬಂಡೆಯಲ್ಲಿ ಸಾಲಾಗಿ ತೂತು ಕೊರೆದು, ಒತ್ತಡದಲ್ಲಿ ನೀರು ತುಂಬಿ, ಬಿರುಕುಗಳಲ್ಲೆಲ್ಲ ನೀರು ಗುಹೆಯ ಕಡೆಗೇ ನುಗ್ಗುವಂತೆ ಇಟ್ಟಿರುತ್ತಾರೆ. ಒಳಗೆ ಜಿನುಗಿದ ನೀರನ್ನು ಪಂಪು ಮಾಡಿ ಹೊರತೆಗೆಯುತ್ತಾರೆ. ಬಂಡೆಯ ಬಿರುಕನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವ ನಾಡಿನಲ್ಲಿ, ಸಾವಿರಾರು ಜನ ದಿನಾ ಕುಡಿಯುವ ಬೋರಿನ ಬುಡವನ್ನು ಹುಡಿ ತುಳಿದು ಬಿಡುವುದು ಸರಿಯಲ್ಲ.

ಈಗ ರಬ್ಬರಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಇಲ್ಲಿ ಎಚ್ಚರ ಬೇಕು. ಎಣ್ಣೆಬಾವಿಯ ನೀರುಬ್ಬು ರಬ್ಬರನ್ನೇ ತಂದು ನಮ್ಮ ಕೇಸಿಂಗಿಗೆ ಸುತ್ತಿಬಿಡಿ ಎಂದು ನಾನು ಹೇಳುವುದಿಲ್ಲ. ಅದು ಸದಾ ನೆನೆದೇ ಇರುವ ಜಾಗಕ್ಕೆ ಮಾಡಿದ್ದು. ನಮ್ಮಲ್ಲಿ ಕೇಸಿಂಗ್ ಬುಡ ಮಳೆಗಾಲದಲ್ಲಿ ನೀರಿನಲ್ಲಿರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಎಷ್ಟೋ ಕಡೆ ಒಣಗಿಹೋಗುತ್ತದೆ. ಒಣಗಿದರೆ ಆ ರಬ್ಬರ್ ಕುಗ್ಗುತ್ತದೆ, ಮತ್ತೆ ನೆನೆದು ಉಬ್ಬುತ್ತದೆ, ವರ್ಷ ವರ್ಷ ಹೀಗೆ ಆದರೆ ಬಿರಿಯುತ್ತದೆ. ಜೊತೆಗೆ, ಅದರೊಳಗಿನ ಪುಡಿ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಟ್ಟುಕೊಳ್ಳಬಹುದು. ಕುಡಿಯುವ ನೀರಿಗೆ ಸಲ್ಲುತ್ತದೆ ಎಂಬ ಪರೀಕ್ಷಾಪತ್ರ ಇಲ್ಲದ ಯಾವ ರಬ್ಬರನ್ನೂ ಬೋರಿನೊಳಗೆ ಇಳಿಸಬೇಡಿ. ಕಟ್ಟಡದ ತಳಮಹಡಿಯ ಕೀಲಿಗೆ ಹಾಕುವ ಉಬ್ಬುಪಟ್ಟಿ ಅಗ್ಗವಾಗಿ ಸಿಗುತ್ತದೆಂದು ಅದನ್ನು ಸುತ್ತಿ ಇಳಿಸಿದರೆ ಅದು ಜನರಿಗೆ ಮಾಡುವ ದ್ರೋಹವೇ ಸರಿ.

ನಮಗೆ ಒಗ್ಗುವುದು ಒತ್ತಿದರೆ ಉಬ್ಬುವ ರಬ್ಬರ್. ನಾನು ಮೇಲೆ ಹೇಳಿದ ಇಪಿಡಿಎಂ ಎಣ್ಣೆಯಲ್ಲಿ ಉಬ್ಬುತ್ತದೆ, ನೀರಿನಲ್ಲಿ ಏನೂ ಆಗದೆ ವರ್ಷಾನುಗಟ್ಟಲೆ ಬಾಳುತ್ತದೆ. ಕುಡಿಯುವ ನೀರಿನ ದೊಡ್ಡ ಪೈಪುಗಳ ಕೀಲುಗಳಲ್ಲಿ ಅದರದೇ ಉಂಗುರಗಳಿರುತ್ತವೆ. ಅಂಥ ದಪ್ಪ ಉಂಗುರವೊಂದನ್ನು ಕೇಸಿಂಗಿನ ಕೆಳತುದಿಗೆ ತೊಡಿಸಿ, ಅದರ ಮೇಲ್ಗಡೆ ಪೈಪಿಗೆ ಒಂದು ಗಟ್ಟಿ ಕಾಲರ್ ಹಾಕಿಸಿ. ಅಗಲ ಕೊರೆತ ಮುಗಿದು 6.5 ಇಂಚಿನ ಕೊರೆತ ಶುರುವಾಗುವ ಕಡೆ ಬಂಡೆಯಲ್ಲಿ ಒಂದು ಮೆಟ್ಟಿಲು ಇರುತ್ತದಲ್ಲ, ಉಂಗುರ ಅದರ ಮೇಲೆ ಕೂರಬೇಕು. ಆಮೇಲೆ ರಿಗ್ಗಿನ ಒತ್ತಡದಿಂದ ಪೈಪನ್ನು ಕೆಳಗೆ ಒತ್ತಿದರೆ ಕಾಲರಿಗೂ ಮೆಟ್ಟಿಲಿಗೂ ನಡುವೆ ಸಿಕ್ಕಿದ ರಬ್ಬರ್ ಪಕ್ಕಕ್ಕೆ ಉಬ್ಬಿ ಗೋಡೆ ಹಿಡಿಯುತ್ತದೆ. ಇದಕ್ಕೆ ಎರಡು ಷರತ್ತು. ಕೇಸಿಂಗ್ ಮೆದುಕಲ್ಲಿನಲ್ಲೇ ನಿಲ್ಲಬಾರದು, ಗಟ್ಟಿಬಂಡೆಯೊಳಗೆ ಕೆಲವು ಅಡಿಯಾದರೂ ಇಳಿಯಬೇಕು. ಮೆಟ್ಟಿಲ ಮೇಲೆ ಕೊರೆದ ಹುಡಿ ಕೂರದಂತೆ ಮೊದಲು ಚೆನ್ನಾಗಿ ಫ್ಲಶ್ ಮಾಡಬೇಕು. ಕೇಸಿಂಗ್ ಒಂದು ಉದ್ದ ಕಡಿಮೆಯಾದರೆ ರೈತನಿಗೆ ದುಡ್ಡು ಉಳಿಯುತ್ತದೆಂದು ಮೆದುಕಲ್ಲಿನಲ್ಲೇ ನಿಲ್ಲಿಸುವುದನ್ನು ನಾನು ನೋಡಿದ್ದೇನೆ. ಅಲ್ಲಿ ಯಾವ ರಬ್ಬರೂ ಕೆಲಸ ಮಾಡುವುದಿಲ್ಲ.

ಉಂಗುರದ ಮೇಲಿನ ಸಂದಿಗೆ ಬೆಂಟೊನೈಟ್ ಜೇಡಿ ಹಾಕಿ. ಗುಜರಾತಿನ ಕಛ್‌ನಿಂದ ಬರುವ ಈ ಜೇಡಿಮಣ್ಣೂ ನೀರು ಕುಡಿದು ಉಬ್ಬುವಂಥದ್ದೇ, ರಬ್ಬರಿಗಿಂತ ಅಗ್ಗ, ಕುಡಿಯುವ ನೀರಿನ ಬಾವಿಗಳಿಗೆ ಹಲವು ದೇಶಗಳಲ್ಲಿ ವಾಡಿಕೆಯಿಂದ ಹಾಕುವಂಥದ್ದು. ಸಣ್ಣ ಉಂಡೆಗಳಾಗಿ ನಿಧಾನ ಬಿಡಬೇಕು, ಒಮ್ಮೆಲೇ ಸುರಿದರೆ ನಡುವೆಯೇ ಕಚ್ಚಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಮೇಲಿನ ಕೆಲವು ಅಡಿ ಸಿಮೆಂಟು. ಟ್ಯೂಬ್‌ವೆಲ್ ನಿರ್ಮಾಣದ ಭಾರತೀಯ ಮಾನಕ ಐಎಸ್ 2800ರಲ್ಲಿ ಈ ಸಂದಿಯನ್ನು ಮುಚ್ಚುವ ಮಾತು ಇದ್ದೇ ಇದೆ. ನಾನು ಹೊಸದೇನೂ ಕೇಳುತ್ತಿಲ್ಲ. ಮಕ್ಕಳು ಬಿದ್ದು ಸಾಯುವುದನ್ನು ತಪ್ಪಿಸಲು 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಲ್ಲಿ ಕೇಸಿಂಗಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕೆಂದಿದೆ. ಆ ಕಟ್ಟೆ ನೆಲದೊಳಗೆ ಇಳಿಯುವುದು 0.30 ಮೀಟರ್, ಅಂದರೆ ಒಂದಡಿ. ಮಗುವಿನ ಪ್ರಾಣಕ್ಕೆ ಅದು ಬೇಕೇ ಬೇಕು, ಆದರೆ ಕೆಳಗಿನ ಐವತ್ತು ಅರವತ್ತು ಅಡಿ ಸಂದಿಗೆ ಅದು ಮುಚ್ಚಳವಾಗುವುದಿಲ್ಲ.

ನಿಮ್ಮ ತಕರಾರುಗಳು ನನಗೆ ಗೊತ್ತು. ತಿರುಚೆಂಗೋಡಿನಿಂದ ಬಂದ ರಿಗ್ ಒಂದು ರಾತ್ರಿಯಲ್ಲಿ ಎರಡು ಪಾಯಿಂಟ್ ಮುಗಿಸಿ ಮುಂದಿನ ಊರಿಗೆ ಹೋಗಬೇಕು, ಡೀಸೆಲ್ ಉರಿಯುತ್ತಿರುತ್ತದೆ, ಹುಡುಗರು ನಿದ್ದೆಗೆಟ್ಟಿರುತ್ತಾರೆ. ಆ ಕೆಲಸದ ಕಷ್ಟವನ್ನು ನಾನೂ ಉಂಡವನು. ಆದರೆ ನೀವು ಬಾಯಿಬಿಟ್ಟು ಹೇಳದ ಇನ್ನೊಂದು ತಕರಾರು ಇದೆ. ಬುಡ ಮುಚ್ಚಿದರೆ ನೀರು ಕಡಿಮೆ ಕಾಣುತ್ತದೆ. ಎರಡು ಇಂಚು ನೀರು ಬಿತ್ತು ಎಂದು ರೈತ ತೆಂಗಿನಕಾಯಿ ಒಡೆಯುವ ಹೊತ್ತಿನಲ್ಲಿ, ಅದರಲ್ಲಿ ಅರ್ಧ ಇಂಚು ಮೇಲಿನ ಪದರದ್ದು, ಅದನ್ನು ಮುಚ್ಚುತ್ತೇನೆ ಎಂದು ಹೇಳುವ ಧೈರ್ಯ ಯಾರಿಗಿದೆ? ಸಾಲದ ಮೇಲೆ ಸಾಲ ಮಾಡಿ ಮೂರನೆಯದೋ ನಾಲ್ಕನೆಯದೋ ಬೋರ್ ಹಾಕಿಸುತ್ತಿರುವವನಿಗೆ ಅರ್ಧ ಇಂಚೂ ದೊಡ್ಡದೇ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದ್ದರಿಂದ ನನ್ನ ಬೇಡಿಕೆಯನ್ನು ಸಣ್ಣದು ಮಾಡುತ್ತೇನೆ. ಕಬ್ಬಿಗೆ, ರೇಷ್ಮೆಯ ಹಿಪ್ಪುನೇರಳೆಗೆ ಹಾಕುವ ಬೋರಾದರೆ ಮೇಲಿನ ನೀರು ಒಳಗೆ ಬಂದರೂ ರೈತನ ಇಷ್ಟಕ್ಕೆ ಬಿಡಿ. ಮನೆಗೆ, ಶಾಲೆಗೆ, ಅಂಗನವಾಡಿಗೆ, ಪಂಚಾಯಿತಿಯ ಟ್ಯಾಂಕಿಗೆ, ಕೈಪಂಪಿಗೆ ಹಾಕುವ ಬೋರಿನಲ್ಲಿ ಬುಡ ಮುಚ್ಚದೆ ರಿಗ್ ಎತ್ತಬೇಡಿ. ಅಲ್ಲಿ ಅರ್ಧ ಇಂಚು ಹೋದರೆ ಹೋಗಲಿ. ತೋಟದ ಬೋರಿನ ನೀರನ್ನೇ ಮನೆಗೆ ತರುವವರಿದ್ದರೆ ಅದನ್ನೂ ಕುಡಿಯುವ ಬೋರೆಂದೇ ಎಣಿಸಿ.

ಇದರ ಜೊತೆ ಒಂದು ಗೊಂದಲವನ್ನೂ ಬಿಡಿಸಬೇಕು. ಕೇಸಿಂಗಿಗೆ ಸಣ್ಣ ತೂತು ಕೊರೆದು, ಸುತ್ತ ಗುಂಡಿ ತೋಡಿ ಜಲ್ಲಿ ಮರಳು ತುಂಬಿ, ಮಳೆನೀರು ಇಂಗಿಸುವ ಪದ್ಧತಿ ಚಿತ್ರದುರ್ಗದ ಕಡೆಯಿಂದ ನಮ್ಮಲ್ಲಿಗೂ ಬಂದಿದೆ. ಬತ್ತಿದ ಕೃಷಿ ಬೋರುಗಳಿಗೆ ಅದರಿಂದ ಒಳ್ಳೆಯದಾಗಿದೆ. ಆದರೆ ಊರ ನಡುವಿನ ಕುಡಿಯುವ ಬೋರಿಗೆ ಅದನ್ನು ಮಾಡಿದರೆ ಚರಂಡಿಗೆ ಬಾಗಿಲು ತೆರೆದ ಹಾಗೆ. ಇಂಗಿಸುವ ಬೋರು ಬೇರೆ, ಕುಡಿಯುವ ಬೋರು ಬೇರೆ ಇರಲಿ.

ರಬ್ಬರ್ ಉಂಗುರ ಎಲ್ಲವನ್ನೂ ಸರಿಮಾಡುತ್ತದೆ ಎಂದೂ ಯಾರಿಗೂ ಹೇಳಬೇಡಿ. ಫ್ಲೋರೈಡ್ ಮೇಲಿನಿಂದ ಬರುವುದಲ್ಲ, ಬಂಡೆಯಿಂದಲೇ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ಕಡೆ ಕೇಸಿಂಗ್ ಬುಡ ಮುಚ್ಚಿ ಪ್ರಯೋಜನವಿಲ್ಲ. ಅಲ್ಲಿ ಯಾವ ಗ್ಯಾಪಿನ ನೀರು ಕೆಟ್ಟದ್ದೆಂದು ಬೇರೆಬೇರೆಯಾಗಿ ಪರೀಕ್ಷಿಸಿ, ಎಣ್ಣೆಬಾವಿಯಲ್ಲಿ ಮಾಡುವ ಹಾಗೆ ಆ ಗ್ಯಾಪಿನ ಮೇಲೆ ಕೆಳಗೆ ಪ್ಯಾಕರ್ ಇಟ್ಟು ಕಟ್ಟಬಹುದು. ಬೋರಿನೊಳಗೆ ಪ್ಯಾಕರ್ ಇಳಿಸುವುದು ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಬತ್ತಿದ ಬೋರಿಗೆ ಒತ್ತಡದ ನೀರು ಬಿಟ್ಟು ಬಿರುಕು ಬಿಡಿಸುವ ಹೈಡ್ರೋಫ್ರ್ಯಾಕ್ಚರಿಂಗ್ ಮಾಡುವಾಗ ಇಳಿಸುವುದು ಅದನ್ನೇ. ಬಿರುಕು ತೆರೆಯಲು ಬಳಸಿದ ಸಾಧನವನ್ನು ಬಿರುಕು ಕಟ್ಟಲೂ ಬಳಸಬಹುದು.

ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತಿದೆ. ಶುದ್ಧಗೊಳಿಸಿ, ಕ್ಲೋರಿನ್ ಹಾಕಿ, ಪರೀಕ್ಷೆ ಮಾಡಿ, ಮೂರು ಹಂತದಲ್ಲಿ ಮೇಲೆತ್ತಿ ಕಳಿಸುತ್ತಾರೆ. ಅದೇ ತಾಲ್ಲೂಕಿನಲ್ಲಿ ಬೋರ್‌ವೆಲ್ ನೀರು ಕುಡಿಯುವ ಮನೆಗಳಿಗೆ ಆ ಎಲ್ಲ ಕಾವಲಿನ ಬದಲು ಇರುವುದು ನಿಮ್ಮ ಒಂದು ರಾತ್ರಿಯ ಕೆಲಸ ಮಾತ್ರ. ಪೈಪು ಒಮ್ಮೆ ಇಳಿದು ಮಣ್ಣು ಮುಚ್ಚಿದ ಮೇಲೆ ಬುಡವನ್ನು ಸರಿಪಡಿಸುವುದು ತೀರಾ ಕಷ್ಟ. ಕೊರೆಯುವಾಗ ಮಾಡಿದರಷ್ಟೇ ಆಯಿತು.

ಹಾಗಾಗಿ ಕೇಳಿಕೊಳ್ಳುತ್ತೇನೆ. ನೀವು ಕೊಡುವ ಬಿಲ್ಲಿನಲ್ಲಿ ಅಡಿಗೆ ಇಷ್ಟು, ಕೇಸಿಂಗಿಗೆ ಇಷ್ಟು, ಫ್ಲಶಿಂಗಿಗೆ ಇಷ್ಟು ಎಂದು ಬರೆಯುತ್ತೀರಿ. ಅದರ ಕೆಳಗೆ ‘ಬುಡದ ಸೀಲ್’ ಎಂದು ಇನ್ನೊಂದು ಸಾಲು ಸೇರಿಸಿ, ಅದಕ್ಕೆ ತಗಲುವ ನ್ಯಾಯವಾದ ದುಡ್ಡನ್ನು ಬರೆಯಿರಿ. ಕೊರೆಸುವವರಿಗೆ ಕನ್ನಡಿ ಹಾಯಿಸಿ ತೋರಿಸಿ, ಅವರು ಕೊಡುತ್ತಾರೆ. ಬ್ಲಫ್ ಸುತ್ತಮುತ್ತ ನಿಮ್ಮ ಯಾರ ರಿಗ್ ಬಂದರೂ ಹೇಳಿ ಕಳಿಸಿ, ಮೊದಲ ಉಂಗುರ ಕೂರಿಸುವಾಗ ನಾನೇ ಬಂದು ನಿಮ್ಮ ಹುಡುಗರ ಜೊತೆ ನಿಲ್ಲುತ್ತೇನೆ.

ಇಂತಿ ನಿಮ್ಮವ,
ಬ್ಲಫ್‌ನ ಒಬ್ಬ ನಿವಾಸಿ